ಮೊಣಕಾಲ ಕೆಳಗಿನ ಮಾತು

ಬೆಳಿಗ್ಗೆ ಎದ್ದಾಗಿನಿಂದ ಅವನಿಗೆ ಅಕ್ಕನ ಮುಖ ನೋಡಲು ಆಗುತ್ತಿರಲಿಲ್ಲ. ಅಕ್ಕ ಎಂದಿನಂತೆ ಕನ್ನಡಿಯ ಮುಂದೆ ನಿಂತು ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು ಕೂದಲು ಸುತ್ತಿ ಗಂಟು ಹಾಕುತ್ತಿದ್ದಳು, ಎಂದಿನಂತೆ ಬಾಯಿ ತೆರೆಯದೆಯೇ ಯಾವುದೋ ದೇವರ ಹಾಡನ್ನು ಗುನುಗುತ್ತಿದ್ದಳು, ಎಂದಿನಂತೆ ಕನ್ನಡಿಯೊಳಗಿಂದಲೇ "ಏನೋ, ರಜಕ್ಕೆ ಬಂದಿದ್ದೀಯೋ ತಪಸ್ಸಿಗೆ ಬಂದಿದ್ದೀಯೋ?" ಎಂದಳು. ಅವನು ಲೋಟದೊಳಗೆ ಮುಖ ಇಟ್ಟ. ಲೋಟದಲ್ಲಿ ಟೀ ಮುಗಿದು ಬಹಳ ಹೊತ್ತಾಗಿತ್ತು. ಇವತ್ತು ಸಂಜೆ ಏಣಿ ಬರುತ್ತಾನೆ. ಏಣಿ ಬಂದು ಬಾಗಿಲು ತಟ್ಟುವುದರೊಳಗೆ ಅಕ್ಕನಿಗೆ ಹೇಳಬೇಕು, ನಿನ್ನನ್ನು ಅವನಿಗೆ ಮದುವೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೇನೆ ಎಂದು. ಅಷ್ಟೇ ಆಗಿದ್ದರೆ ಹೇಗೋ ತಮಾಷೆಯಲ್ಲಿ ತೇಲಿಸಬಹುದಿತ್ತು. ಅಕ್ಕ ನಾಲ್ಕು ಬೈಯುತ್ತಾಳೆ, ಅಮ್ಮ ಎರಡು ಸೇರಿಸುತ್ತಾಳೆ, ಕಥೆ ಮುಗಿಯುತ್ತದೆ. ಆದರೆ ಮಾತಿನ ಜೊತೆಗೆ ಅವನು ಇನ್ನೊಂದನ್ನೂ ಕೊಟ್ಟಿದ್ದ. ಅದು ಅವನದಾಗಿರಲಿಲ್ಲ. ಅಕ್ಕ ಬಚ್ಚಲುಮನೆಯ ಬಾಗಿಲ ಹಿಂದೆ ಅತ್ತದ್ದು ಅದು.

ಏಣಿ ಎಂದರೆ ಅವನ ತುಕಡಿಯ ಸೈನಿಕ. ವಯಸ್ಸಿನಲ್ಲಿ ಇವನಿಗಿಂತ ದೊಡ್ಡವನು, ಕಿವಿಯ ಮೇಲೆ ಆಗಲೇ ನರೆ, ಮಲಗಿದರೆ ಯಾವ ಮಂಚದಿಂದಲೂ ಪಾದ ಆಚೆ ಬರುವಷ್ಟು ಎತ್ತರ. ಅಮ್ಮ ಅಪ್ಪ ಇಟ್ಟ ಹೆಸರನ್ನು ಹಾಜರಿ ಕರೆಯುವವನೊಬ್ಬ ಮಾತ್ರ ನೆನಪಿಟ್ಟುಕೊಂಡಿದ್ದ. ಇವನು ಅಲ್ಲಿ 'ಡಾಕ್ಟ್ರು'. ಡಾಕ್ಟರೇನಲ್ಲ, ಬೆನ್ನಿಗೊಂದು ಔಷಧಿ ಚೀಲ ಹಾಕಿಕೊಂಡು ತುಕಡಿಯ ಹಿಂದೆ ಓಡುವವನು, ಬಿದ್ದವರ ಬಳಿಗೆ ಮೊದಲು ಹೋಗಿ ರಕ್ತ ನಿಲ್ಲಿಸಿ, ನಿಜವಾದ ಡಾಕ್ಟರ ಕೈಗೆ ಮುಟ್ಟಿಸುವವನು. ಮೊನ್ನೆ ಫೋನಿನಲ್ಲಿ ಏಣಿಯ ದನಿ ಕೇಳಿದಾಗ ಇವನಿಗೆ ಕಣ್ಣು ತುಂಬಿ ಬಂದಿತ್ತು. ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ಕೋಲು ಹಿಡಿದು ನಡೆಯುತ್ತಾನೆ, ದೇವರು ದೊಡ್ಡವನು. ಆ ಕಣ್ಣೀರು ಕೆನ್ನೆಗೆ ಇಳಿಯುವ ಮೊದಲೇ ಏಣಿ, "ಏನ್ ಭಾಮೈದ, ಮನೇಲಿ ಎಲ್ಲಾ ಸೌಖ್ಯವಾ? ಶನಿವಾರ ಸಂಜೆ ಬರ್ತೀನಿ. ಮಾತಾಡೋದಿದೆ," ಎಂದಿದ್ದ. ಭಾಮೈದ! ತಮಾಷೆಗೆ ಅಂದನೋ, ನಿಜಕ್ಕೆ ಅಂದನೋ? ಏಣಿ ನಗುವಾಗಲೂ ಮುಖ ಬಿಗಿದುಕೊಂಡೇ ಇರುವ ಜಾತಿ. ಫೋನಿನಲ್ಲಿ ಮುಖವೂ ಕಾಣುತ್ತಿರಲಿಲ್ಲ.

ಅಮ್ಮನ ಕಣ್ಣು ತಪ್ಪಿಸಲು ಬೀದಿ ಕೊನೆಯ ಕ್ಷೌರದಂಗಡಿಗೆ ಹೋದ. ಅಲ್ಲಿಯೂ ನೆಮ್ಮದಿಯಿರಲಿಲ್ಲ. ಕ್ಷೌರದವನು ಅವನ ಗದ್ದಕ್ಕೆ ನೊರೆ ಬಳಿದು, ಕಾದು ಕೂತಿದ್ದವರ ಕಡೆ ತಿರುಗಿ, "ಗುಂಡು ಹಾರ್ತಾ ಇರೋವಾಗ ಹೋಗಿ ಎಳ್ಕೊಂಡು ಬಂದವನು ಇವನೇ. ಪೇಪರಲ್ಲಿ ಬಂದಿತ್ತಲ್ಲ," ಎಂದ. ಆಮೇಲೆ ಕತ್ತಿ ಹಿರಿದು ಅವನ ಗಂಟಲಿಗೆ ಇಟ್ಟು, "ಭಯ ಆಗ್ಲಿಲ್ವೇನಪ್ಪಾ?" ಎಂದು ಕೇಳಿದ. ಅವನಿಗೆ ಆಗ ಭಯವಾಯಿತು. "ಅಭ್ಯಾಸ ಆಗಿರುತ್ತೆ," ಎಂದ. ಕಾದು ಕೂತವರು ತಲೆದೂಗಿದರು. ಕನ್ನಡಿಯಲ್ಲಿ ನೊರೆ ಮೆತ್ತಿಕೊಂಡ ತನ್ನ ಮುಖ ಯಾರೋ ಸುಳ್ಳುಗಾರನ ಮುಖದಂತೆ ಕಂಡಿತು. ಏಣಿ ಗುಂಡು ತಗುಲಿ ಬಿದ್ದಿದ್ದ ಆ ಒಣ ಕಾಲುವೆಯಲ್ಲಿ ಅವನು ಧೈರ್ಯ ಎಂಬುದನ್ನು ಎಲ್ಲಿಯೂ ಕಂಡಿರಲಿಲ್ಲ. ಕಂಡದ್ದು ಮಣ್ಣು, ಒಂದು ಇರುವೆ ಸಾಲು, ಏಣಿಯ ತೆರೆದ ಬಾಯಿ. ಸೈನಿಕರು ಬಿದ್ದಾಗ ಕೂಗುವವನ ಬಳಿಗೆ ಮೊದಲು ಹೋಗಬಾರದು, ಕೂಗಿಗೆ ಉಸಿರು ಬೇಕು, ಕೂಗುವವನಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಸುಮ್ಮನಾದವನ ಬಳಿಗೆ ಹೋಗು ಎಂದು ಕಲಿಸಿದ್ದರು. ಏಣಿ ಕೂಗುತ್ತಿದ್ದ. ಕೂಗಿ ಕೂಗಿ ಸುಮ್ಮನಾದ. ಆ ಸುಮ್ಮನಾದದ್ದು ಇವನ ಅಂಗಿಯ ಕಾಲರು ಹಿಡಿದು ಎಳೆದಂತಾಯಿತು. "ಬರಬೇಡ್ರೋ, ಬರಬೇಡ್ರೋ" ಎಂದು ಯಾರೋ ಅರಚುತ್ತಿದ್ದರು. ಇವನ ಹೊಟ್ಟೆ ನೆಲದ ಮೇಲೆ ತೆವಳುತ್ತಿತ್ತು, ಬುದ್ಧಿ ಹಿಂದೆಯೇ ಕೂತಿತ್ತು. ಇದನ್ನು ಹೇಗೆ ಹೇಳುವುದು, ಕತ್ತಿ ಕಿವಿಯ ಹಿಂದೆ ಸರಿದಾಡುತ್ತಿರುವಾಗ?

ಮನೆಯ ಮುಂದೆ ಅಕ್ಕನ ಕಾರು ಹೊರಟು ನಿಂತಿತ್ತು. ನೆತ್ತಿಯ ಮೇಲೆ 'ಕಲಿಯುವವರು' ಎಂಬ ಫಲಕ ಹೊತ್ತ ಚಿಕ್ಕ ಕಾರು. ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದ ಸೀಟಿನಲ್ಲಿ ಕೂರುವ ಅಕ್ಕನ ಕಾಲಿಗೊಂದು ಬ್ರೇಕು. ಊರಿನ ಅರ್ಧ ಜನ ಆ ಎರಡನೆಯ ಬ್ರೇಕಿನ ಪುಣ್ಯದಿಂದ ಬದುಕಿದ್ದಾರೆ ಎಂದು ಅಮ್ಮ ಹೆಮ್ಮೆ ಪಡುತ್ತಿದ್ದಳು. ಕಲಿಯದೇ ಉಳಿದವನು ಮನೆಯ ಮಗನೊಬ್ಬನೇ. ನಾಲ್ಕು ದಾರಿ ಕೂಡುವಲ್ಲಿ ಲಾರಿ ಕಂಡದ್ದೇ ಅವನು ಸ್ಟೀರಿಂಗ್ ಬಿಟ್ಟು ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡಿದ್ದ. ಅಕ್ಕ ಅವತ್ತೇ ಅವನನ್ನು ಹಿಂದಿನ ಸೀಟಿಗೆ ಕಳಿಸಿದ್ದಳು. ಈಗಲೂ ಹಿಂದಿನ ಬಾಗಿಲು ತೆಗೆದು ಕೂತ. ಸ್ಟೀರಿಂಗ್ ಮುಂದೆ ನಿವೃತ್ತ ಹೆಡ್‌ಮಾಸ್ತರು ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದರು.

"ನೀನ್ಯಾಕೋ?" ಎಂದಳು ಅಕ್ಕ.

"ಸುಮ್ಮನೆ. ಗಾಳಿ."

"ಮೇಷ್ಟ್ರ ಡ್ರೈವಿಂಗಲ್ಲಿ ಗಾಳಿ ಬರಲ್ಲ ಕಣೋ. ನಡ್ಕೊಂಡು ಹೋಗೋರೇ ನಮ್ಮನ್ನ ದಾಟ್ಕೊಂಡು ಹೋಗ್ತಾರೆ. ಹೂಂ ಮೇಷ್ಟ್ರೇ, ಕ್ಲಚ್ ನಿಧಾನಕ್ಕೆ ಬಿಡಿ. ಮಗು ಎಬ್ಬಿಸಿದ ಹಾಗೆ."

ಮೇಷ್ಟ್ರು ಮಗುವನ್ನು ಒದ್ದು ಎಬ್ಬಿಸಿದರು. ಕಾರು ಎರಡು ಸಲ ಬಿಕ್ಕಿ ಹೊರಟಿತು.

ಹಿಂದಿನಿಂದ ಅವನಿಗೆ ಕಾಣುತ್ತಿದ್ದುದು ಅಕ್ಕನ ಕೂದಲ ಗಂಟು, ಅದರೊಳಗೆ ಸಿಕ್ಕಿಸಿದ ಕಪ್ಪು ಪಿನ್ನುಗಳು, ಬಿಸಿಲಿಗೆ ಕಂದಿದ ಕತ್ತು. ಮುಖ ಕಾಣದಿದ್ದರೆ ಹೇಳಬಹುದು ಎಂದುಕೊಂಡೇ ಹತ್ತಿದ್ದ. ಬೇಕರಿ ದಾಟಿತು, ಟೈಲರ್ ಅಂಗಡಿ ದಾಟಿತು, ಶಾಲೆಯ ಕಾಂಪೌಂಡು ದಾಟಿತು. ಕಾಲುವೆಯಲ್ಲೂ ಹೀಗೇ ಮಾತಿಗೆ ತಡವರಿಸಿದ್ದ. ಗುಂಡು ಏಣಿಯ ತೊಡೆ ಸೊಂಟಕ್ಕೆ ಕೂಡುವ ಸಂದಿಯಲ್ಲಿ ಹೊಕ್ಕಿತ್ತು. ಬಿಗಿದು ಪಟ್ಟಿ ಕಟ್ಟಲು ಜಾಗವೇ ಇಲ್ಲದ ಕಡೆ. ಬಟ್ಟೆ ತುರುಕಿ, ಅದರ ಮೇಲೆ ಮೊಣಕಾಲೂರಿ, ಮೈಯ ಭಾರವನ್ನೆಲ್ಲ ಬಿಡಬೇಕು. ಬಿಟ್ಟ. ರಕ್ತ ನಿಂತಿತು. ಮೊಣಕಾಲು ಎತ್ತಿದರೆ ಮತ್ತೆ ಚಿಮ್ಮುತ್ತದೆ. ಮಲಗಿದರೆ ಗುಂಡು ತಾಗುವುದಿಲ್ಲ, ಆದರೆ ಮಲಗಿದರೆ ಒತ್ತಲಾಗುವುದಿಲ್ಲ. ಒತ್ತಬೇಕೆಂದರೆ ಬೆನ್ನು ಕಾಲುವೆಯ ಅಂಚಿಗಿಂತ ಮೇಲೆ ಬರುತ್ತದೆ. ಹಾಗೆ ಕೂತು, ಕೈಯಲ್ಲಿ ಮಾಡಲು ಇನ್ನೇನೂ ಉಳಿಯದೆ, ಅವನು ಮಾತು ಶುರುಮಾಡಿದ್ದ. ನಿದ್ದೆಗೆ ಬಿಡಬಾರದು, ಪ್ರಶ್ನೆ ಕೇಳುತ್ತಿರಬೇಕು, ಉತ್ತರ ಬರುವವರೆಗೂ ಬಿಡಬಾರದು. ಅದೂ ಕೆಲಸವೇ, ಪಟ್ಟಿ ಕಟ್ಟಿದಷ್ಟೇ ದೊಡ್ಡ ಕೆಲಸ.

"ಅಕ್ಕಾ, ಇವತ್ತು ಒಬ್ಬ ಬರ್ತಾನೆ. ನಮ್ಮ ಏಣಿ."

"ಗೊತ್ತು. ಅಮ್ಮ ಬನ್ನು ತರೋಕೆ ಹೇಳಿದ್ದಾಳೆ."

"ಅವನಿಗೆ ನಿನ್ನ ಕೊಡ್ತೀನಿ ಅಂತ ಹೇಳಿದ್ದೆ."

ಎರಡನೆಯ ಬ್ರೇಕು ಬಿತ್ತು. ಕಾರು ನಡುರಸ್ತೆಯಲ್ಲಿ ನಿಂತಿತು. ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಜಾರಿತು. ಹಿಂದಿನಿಂದ ಹಾರ್ನುಗಳು ಒಂದರ ಮೇಲೊಂದು ಬಿದ್ದು ಕೂಗಿದವು.

"ನಾನೇನು ತಪ್ಪು ಮಾಡಿದೆ?" ಎಂದರು ಮೇಷ್ಟ್ರು.

"ನೀವಲ್ಲ ಮೇಷ್ಟ್ರೇ. ಒಂದನೇ ಗೇರು ಹಾಕಿ." ಅಕ್ಕ ತಿರುಗಲಿಲ್ಲ. ಕಾರು ಹೊರಟ ಮೇಲೆ, "ಯಾವಾಗ ಹೇಳಿದೆ?" ಎಂದಳು.

"ಅವನು ಕಣ್ಣು ಮುಚ್ತಾ ಇದ್ದ ಅಕ್ಕಾ. ಊರು ಕೇಳಿದೆ, ತಾಯಿ ಬಗ್ಗೆ ಕೇಳಿದೆ, ಮಾತೇ ಆಡ್ಲಿಲ್ಲ. ನಮ್ಮಕ್ಕನ್ನ ಕೊಡ್ತೀನಿ, ಕಣ್ಣು ಬಿಡಣ್ಣ ಅಂದೆ. ಬಿಟ್ಟ."

"ಬಿಟ್ಟು?"

"ಅಡುಗೆ ಬರುತ್ತಾ ಅಂತ ಕೇಳಿದ."

ಮೇಷ್ಟ್ರು ಕೆಮ್ಮಿದರು. "ರಸ್ತೆ ನೋಡಿ ಮೇಷ್ಟ್ರೇ," ಎಂದಳು ಅಕ್ಕ. "ನೀನೇನಂದೆ?"

"ಬರಲ್ಲ, ಕಾರು ಓಡಿಸ್ತಾಳೆ ಅಂದೆ."

"ಇನ್ನೂ ಯಾರ್‍ಯಾರಿಗೆ ಕೊಟ್ಟಿದ್ದೀಯೋ ನನ್ನ?"

ಅವನು ಕಿಟಕಿಯಾಚೆ ನೋಡಿದ. "ಆಮೇಲೆ ಇನ್ನಿಬ್ಬರಿಗೆ. ಒಬ್ಬನಿಗೆ ಮದುವೆ ಆಗಿದೆ."

"ಮದುವೆ ಆದೋನಿಗೆ ಯಾಕೋ ಹೇಳ್ದೆ?"

"ಅವನೂ ಕಣ್ಣು ಬಿಟ್ಟ ಅಕ್ಕಾ."

ಕೂದಲ ಗಂಟು ಅಲುಗಾಡಿತು. ಅಕ್ಕ ನಗುತ್ತಿದ್ದಳು. ಭುಜ ಕುಣಿಯುವಂತೆ, ಸದ್ದಿಲ್ಲದೆ, ಒಂದು ಕೈಯಲ್ಲಿ ಮೇಷ್ಟ್ರ ಸ್ಟೀರಿಂಗನ್ನು ನೆಟ್ಟಗೆ ಮಾಡುತ್ತಲೇ ನಗುತ್ತಿದ್ದಳು. ಇಲ್ಲಿಗೇ ನಿಲ್ಲಿಸಬಹುದಿತ್ತು. ಹಗುರಾಗಿ ಇಳಿದು ಬನ್ನು ತಂದು ಮನೆಗೆ ಹೋಗಬಹುದಿತ್ತು. ಅವನು ಆ ನಗುವಿನಲ್ಲಿ ಸ್ವಲ್ಪ ಹೊತ್ತು, ಚಳಿಯಲ್ಲಿ ಬೆಂಕಿಯ ಮುಂದೆ ಕೂತವನಂತೆ ಮೈ ಕಾಯಿಸಿಕೊಂಡ. ಆಮೇಲೆ, "ಬಚ್ಚಲುಮನೆದೂ ಹೇಳಿದೆ," ಎಂದ.

ಈ ಸಲ ಬ್ರೇಕು ಬೀಳಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಎಷ್ಟೋ ವರ್ಷದ ಹಿಂದಿನದು. ಅಕ್ಕನಿಗೆ ಒಂದು ಗಂಡು ಗೊತ್ತಾಗಿತ್ತು. ಎಲ್ಲ ಮಾತೂ ಮುಗಿದ ಮೇಲೆ ಆ ಗಂಡು ಒಂದು ದಿನ ಕಾರು ಕಲಿಯುವವನ ಹಾಗೆ ಬಂದು, ಅಕ್ಕನ ಪಕ್ಕ ಕೂತು, ಊರೆಲ್ಲ ಸುತ್ತಿ, ಎರಡು ಕಡೆ ಅಕ್ಕನ ಬ್ರೇಕಿನಿಂದ ಬದುಕಿ ಹೋದ. ಮಾರನೆಯ ದಿನ ಹೇಳಿಕಳಿಸಿದ: ಪಕ್ಕದಲ್ಲಿ ಕೂತು ಬ್ರೇಕು ಹಾಕುವ ಹೆಂಗಸು ತನಗೆ ಬೇಡ. ಅಕ್ಕ ಆ ಮಾತನ್ನು ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಆ ಗಂಡಿನ ದನಿಯಲ್ಲೇ ಆಡಿ ತೋರಿಸಿ ನಗಿಸಿದ್ದಳು. ಮಧ್ಯಾಹ್ನ ಸ್ನಾನಕ್ಕೆಂದು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲುಮನೆಯ ಹೊರಗೆ ಕಾಯುತ್ತಿದ್ದ ಅವನಿಗೆ ಮಾತ್ರ, ಬಿಟ್ಟ ನಲ್ಲಿಯ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿಸಿತ್ತು. ಬಾಗಿಲು ತೆಗೆದು ಅಕ್ಕ ಹೊರಗೆ ಬಂದಳು. ಮೈ ಒಣಗಿತ್ತು, ಮುಖವೊಂದೇ ಒದ್ದೆ. "ಕಣ್ಣಿಗೆ ಸೋಪು ಹೋಯ್ತು. ಯಾರಿಗೂ ಹೇಳಬೇಡ," ಎಂದಿದ್ದಳು. ಅವನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ.

"ತಮಾಷೆ ಎಲ್ಲಾ ಮುಗಿದು ಹೋಯ್ತು ಅಕ್ಕಾ. ಅವನ ಕಣ್ಣು ಮತ್ತೆ ಮೇಲಕ್ಕೆ ಹೋಗ್ತಾ ಇತ್ತು. ನನ್ನ ಹತ್ರ ಇನ್ನೇನೂ ಇರ್ಲಿಲ್ಲ. ಬಾಯಿಗೆ ಅದೇ ಬಂತು." ಹೇಳುತ್ತ ಅವನ ದನಿ ಸಣ್ಣದಾಯಿತು. ಕೊನೆಕೊನೆಗೆ ಸುಳ್ಳು ಹೇಳಿದರೆ ಏಣಿಯ ರೆಪ್ಪೆ ಅಲುಗುತ್ತಿತ್ತು, ಅಷ್ಟೇ. ನಿಜ ಹೇಳಿದಾಗ ಕಣ್ಣು ತೆರೆಯಿತು. ಅದನ್ನು ಇವನು ಎಷ್ಟು ಸಲ ಯೋಚಿಸಿದ್ದಾನೆ! ದೇವರು ಕೊಟ್ಟ ಔಷಧಿ ಎನ್ನುವುದಾದರೆ, ಅದನ್ನು ಇನ್ನೊಬ್ಬಳ ಎದೆಯ ಪೆಟ್ಟಿಗೆಯಿಂದ ಕೇಳದೆ ತೆಗೆದದ್ದು ಕಳ್ಳತನವಲ್ಲವೇ?

ಮೇಷ್ಟ್ರು ಯಾರೂ ಹೇಳದಿದ್ದರೂ ಎರಡನೇ ಗೇರಿಗೆ, ಮೂರನೇ ಗೇರಿಗೆ ಹೋದರು, ತಾವೇ ತಿರುವು ತೆಗೆದುಕೊಂಡರು, ಎದುರಿಗೆ ಬಂದ ಬಸ್ಸಿಗೆ ದಾರಿಯನ್ನೂ ಬಿಟ್ಟರು.

"ಕೇಳಿ ಅವನೇನಂದ?" ಎಂದಳು ಅಕ್ಕ.

"ಯಾವನವನು, ಅವನ ಮನೆ ಎಲ್ಲಿ ಹೇಳು ಅಂದ. ಎದ್ದು ಹೊರಡೋಕೆ ನೋಡಿದ. ನಾನು ಮೊಣಕಾಲಲ್ಲಿ ಅದುಮಿ ಮಲಗಿಸಿದೆ. ಸ್ಟ್ರೆಚರ್ ಬರೋವರೆಗೂ ಆ ಗಂಡನ್ನ ಬೈತಾನೇ ಇದ್ದ. ನಮ್ಮಮ್ಮ ಕೇಳಿದ್ರೆ ಕಿವಿ ಮುಚ್ಕೋಬೇಕು, ಅಂಥ ಬೈಗುಳ."

"ಗುಂಡು ಬರ್ತಾ ಇತ್ತಾ ಆಗ?"

"ಹೂಂ."

"ನೀನು ಮಲಗಿದ್ಯಾ, ಕೂತಿದ್ಯಾ?"

"ಕೂತಿದ್ದೆ. ಮೊಣಕಾಲು ಎತ್ತೋ ಹಾಗಿರ್ಲಿಲ್ಲ."

"ಭಯ ಆಯ್ತೇನೋ?"

ಊರೆಲ್ಲ ಕೇಳಿದ ಪ್ರಶ್ನೆಯೇ. ಊರು ಕೇಳಿದಾಗ ಉತ್ತರ ಆಗಲೇ ಅವರ ಬಳಿ ಇರುತ್ತಿತ್ತು. ಅಕ್ಕನ ಬಳಿ ಇರಲಿಲ್ಲ. "ಪ್ಯಾಂಟು ಒದ್ದೆ ಮಾಡ್ಕೊಂಡಿದ್ದೆ ಅಕ್ಕಾ," ಎಂದ. "ರಕ್ತ ಅಂದ್ಕೊಂಡ್ರು ಎಲ್ಲಾ. ನಾನೂ ಹೂಂ ಅಂದೆ."

ಅಕ್ಕ ಈಗ ತಿರುಗಿದಳು. ಸೀಟಿನ ಮೇಲಿಂದ ಕೈ ಚಾಚಿ, ಹೊಸದಾಗಿ ಕ್ಷೌರವಾದ ಅವನ ಕೆನ್ನೆಗೆ ಒಂದು ಏಟು ಕೊಟ್ಟಳು. ಅಷ್ಟೇನೂ ಮೆಲ್ಲಗಲ್ಲ, ಅಷ್ಟೇನೂ ಜೋರಾಗಲ್ಲ. ಕೈಯನ್ನು ಅಲ್ಲಿಯೇ ಇಟ್ಟಳು. ಅವಳ ಕಣ್ಣು ಏನು ಹೇಳುತ್ತಿದೆ ಎಂದು ಅವನು ಓದುವಷ್ಟರಲ್ಲಿ ಮತ್ತೆ ರಸ್ತೆಗೆ ತಿರುಗಿಬಿಟ್ಟಳು.

"ನಾನು ಏನೂ ಕೇಳಿಸ್ಕೊಳ್ಲಿಲ್ಲ," ಎಂದರು ಮೇಷ್ಟ್ರು, ಯಾರೂ ಕೇಳದಿದ್ದರೂ. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ, "ಅಲ್ಲಪ್ಪಾ, ಆಮೇಲೆ ರಕ್ತ ನಿಂತಿತಾ?" ಎಂದರು.

ಸಂಜೆಗೆ ಮನೆ ತಾನಾಗಿಯೇ ಚಿಕ್ಕದಾಯಿತು. ಏಣಿ ತಲೆ ಬಗ್ಗಿಸಿ ಬಾಗಿಲಲ್ಲಿ ಬಂದ, ದೀಪಕ್ಕೆ ತಲೆ ತಾಗಿಸಿಕೊಂಡ, ಕೋಲನ್ನು ಎಲ್ಲಿಡಬೇಕೆಂದು ತಿಳಿಯದೆ ಮಗುವಿನಂತೆ ತಬ್ಬಿ ಹಿಡಿದ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಣಿಕಟ್ಟಿಗಿಂತ ಮೇಲೆಯೇ ಮುಗಿದಿತ್ತು. ಅಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಆ ದಾರಿ ಉದ್ದವಾದ್ದರಿಂದ ನಡುವೆ ಒಮ್ಮೆ ನಿಂತು, "ಬಾಪ್ಪಾ, ಕೂತ್ಕೋ. ಬದುಕಿ ಬಂದ್ಯಲ್ಲ, ಭಗವಂತನ ದಯೆ," ಎಂದು ಕಣ್ಣೊರೆಸಿಕೊಂಡು ಟೀ ಇಡಲು ಒಳಗೆ ಹೋದಳು. ಏಣಿ ಇವನ ಬೆನ್ನು ತಟ್ಟಿದ. ಅಕ್ಕನ ಕಡೆ ತಿರುಗಿ ಕೈ ಮುಗಿದ, ಮುಗಿದ ಕೈಯನ್ನು ಬಿಡಿಸುವುದು ಮರೆತ.

"ನಿಮ್ಮನ್ನ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ," ಎಂದ.

"ಸದ್ಯಕ್ಕೆ ಏನೂ ಕರೀಬೇಡಿ. ಕೂತ್ಕೊಳ್ಳಿ," ಎಂದಳು ಅಕ್ಕ.

ಏಣಿ ಕೂತ. ಮಡಚದ ಕಾಲು ಕೋಣೆಯ ನಡುವಿನವರೆಗೂ ಚಾಚಿತು. ಬರುವಾಗ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸುವವನಂತೆ, ಗೋಡೆಯನ್ನು ನೋಡುತ್ತ ಹೇಳಿದ. "ನಾನು ಮಾತು ಉಳಿಸ್ಕೊಳ್ಳಿ ಅಂತ ಕೇಳೋಕೆ ಬಂದಿಲ್ಲ. ಅದು ಔಷಧಿ ಅಂತ ನನಗೆ ಆಗ್ಲೇ ಗೊತ್ತಿತ್ತು. ವಾರ್ಡಲ್ಲಿ ಇವನಿಗೆ ಇನ್ನೂ ಇಬ್ಬರು ಭಾವಂದಿರಿದ್ರು. ಮೂರು ಜನಾನೂ ಒಬ್ಬರನ್ನೊಬ್ಬರು ಏನ್ರೀ ಷಡ್ಡಕ ಅಂತಾನೇ ಕರೀತಿದ್ವಿ." ಅವನ ಮುಖ ಬಿಗಿದೇ ಇತ್ತು. "ಆದ್ರೆ ಒಂದು ಮಾತು ನನಗೊಬ್ಬನಿಗೇ ಹೇಳಿದ್ದ. ಅದನ್ನ ಅವರಿಬ್ಬರಿಗೂ ನಾನು ಹೇಳ್ಲಿಲ್ಲ. ಜ್ವರದಲ್ಲೂ ಹೇಳ್ಲಿಲ್ಲ, ನರ್ಸನ್ನ ಕೇಳಿ ಖಾತ್ರಿ ಮಾಡ್ಕೊಂಡಿದ್ದೀನಿ. ಅದನ್ನ ನಿಮಗೆ ಹೇಳಿ ಹೋಗೋಣ ಅಂತ ಬಂದೆ. ಇವನನ್ನ ಬೈಬೇಡಿ. ಇವನು ನಡುಗ್ತಾ ಇದ್ದ, ಹಲ್ಲು ಕಟಕಟ ಅಂತಿತ್ತು. ಮೇಲಿಂದ ಮಣ್ಣು ಬೀಳ್ತಾನೇ ಇತ್ತು. ಮೊಣಕಾಲು ಮಾತ್ರ ಕದಲ್ಲಿಲ್ಲ. ಇವನು ಪ್ರಶ್ನೆ ಕೇಳ್ತಿದ್ನಲ್ಲ, ಅದರಲ್ಲಿ ಅರ್ಧಕ್ಕೆ ನಾನು ಉತ್ತರ ಕೊಟ್ಟಿದ್ದೇ, ಕೊಡದಿದ್ರೆ ಇವನು ಅತ್ತುಬಿಡ್ತಾನೆ ಅಂತ."

ಅವನು ಏಣಿಯನ್ನೇ ನೋಡಿದ. ಇಷ್ಟು ದಿನ ತಾನೊಬ್ಬನೇ ಹಿಡಿದಿದ್ದೆ ಎಂದುಕೊಂಡಿದ್ದ ಹಗ್ಗದ ಇನ್ನೊಂದು ತುದಿಯನ್ನು, ರಕ್ತ ಬಸಿದು ಬಿಳಿಚಿಕೊಂಡವನೊಬ್ಬ ತನಗಾಗಿ ಎಳೆದು ಹಿಡಿದಿದ್ದನೇ? ನಾಚಿಕೆಯೋ ಸಂತೋಷವೋ, ಎರಡೂ ಒಂದೇ ಬಾಗಿಲಿನಿಂದ ನುಗ್ಗಲು ನೋಡಿ ಸಿಕ್ಕಿಕೊಂಡವು.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬಿಚ್ಚಿದಳು. "ಬೈಯೋದು ಬೆಳಿಗ್ಗೇನೇ ಮುಗೀತು," ಎಂದಳು. "ಆದ್ರೆ ಇದು ಹೀಗೆ ಸರಿಹೋಗಲ್ಲ. ನಾನು ಯಾರಿಗೂ ಹೇಳದ್ದು ನಿಮಗೆ ಗೊತ್ತು. ನಿಮ್ಮದು ನನಗೆ ಏನೂ ಗೊತ್ತಿಲ್ಲ. ಹೀಗಿದ್ರೆ ನಿಮ್ಮ ಎದುರು ಕೂತು ಟೀ ಕುಡಿಯೋಕೆ ನನಗಾಗಲ್ಲ. ನಿಮ್ಮದೂ ಒಂದು ಹೇಳಿ. ನಗಿಸೋದು ಬೇಡ. ಇದುವರೆಗೂ ಯಾರಿಗೂ ಹೇಳದ್ದು."

ಏಣಿ ಗಾಬರಿಯಾಗಿ ಇವನ ಕಡೆ ನೋಡಿದ.

"ಅವನನ್ನ ನೋಡಬೇಡಿ," ಎಂದಳು ಅಕ್ಕ. "ಲೋ, ನೀನು ಒಳಗೆ ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಅಡುಗೆಮನೆಯಲ್ಲಿ ಅಮ್ಮ ತಟ್ಟೆಯಲ್ಲಿ ಬನ್ನು ಜೋಡಿಸುತ್ತಿದ್ದಳು. "ಅಷ್ಟೆತ್ತರದವನಿಗೆ ಎರಡು ಸಾಕಾಗುತ್ತೇನೋ?" ಎಂದಳು. ಅವನು ಟ್ರೇ ಎತ್ತಿಕೊಂಡು ಮುಚ್ಚಿದ ಬಾಗಿಲ ಹಿಂದೆ ನಿಂತ. ಏಣಿಯ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ತಗ್ಗಿದ ದನಿ, ನಡುನಡುವೆ ತಡೆದು ನಿಲ್ಲುವ ದನಿ, ಬಹಳ ದಿನ ಮುಚ್ಚಿಟ್ಟ ಕಪಾಟನ್ನು ತೆಗೆಯುವಾಗಿನಂತೆ. ಆಮೇಲೆ ಅದೂ ನಿಂತಿತು. ಸುಮ್ಮನಾದವನ ಬಳಿಗೆ ಹೋಗಬೇಕು. ಹೋಗಿ ಏನಾದರೂ ಕೇಳಬೇಕು, ತಾಯಿ ಹೇಗಿದ್ದಾರೆ, ದಾರಿಯಲ್ಲಿ ಬಸ್ಸು ಸಿಕ್ಕಿತೇ, ಏನಾದರೂ, ಕಣ್ಣು ತೆರೆಸಬೇಕು. ಮೊಣಕೈ ಆಗಲೇ ಬಾಗಿಲಿಗೆ ತಾಗಿತ್ತು. ಆಗ ಬಾಗಿಲಾಚೆಯಿಂದ ಅಕ್ಕನ ಒಂದೇ ಒಂದು "ಹೂಂ" ಕೇಳಿಸಿತು. ಪ್ರಶ್ನೆಯಲ್ಲ, ಉತ್ತರವೂ ಅಲ್ಲ. ಇಲ್ಲೇ ಇದ್ದೇನೆ, ನಿಧಾನಕ್ಕೆ ಹೇಳಿ ಎನ್ನುವಂಥ ಹೂಂ. ಮತ್ತೆ ಮೌನ. ಆ ಮೌನದಲ್ಲಿ ಯಾರೂ ಸಾಯುತ್ತಿರಲಿಲ್ಲ. ಇಬ್ಬರು ಕೂತು ಉಸಿರಾಡುತ್ತಿದ್ದರು, ಅಷ್ಟೇ. ಏಣಿಯ ಆ ಒಂದು ಸಂಗತಿ ತನಗೆ ಎಂದೆಂದಿಗೂ ತಿಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದಾಗ, ದೇವರೇ, ಎಷ್ಟು ಹಗುರವೆನಿಸಿತು. ಅವನು ಮೊಣಕೈಯನ್ನು ಬಾಗಿಲಿನಿಂದ ಮೆಲ್ಲಗೆ ಹಿಂದಕ್ಕೆ ತೆಗೆದ.

"ಏನ್ ಮಾತಾಡ್ತಿದ್ದಾರೋ?" ಎಂದಳು ಅಮ್ಮ.

"ಏನೂ ಇಲ್ಲಮ್ಮ. ಸುಮ್ಮನೆ ಕೂತಿದ್ದಾರೆ."

"ಮತ್ತೆ ನೀನ್ಯಾಕೋ ಹಲ್ಲು ಬಿಡ್ತಾ ನಿಂತಿದ್ದೀಯ? ತಗೊಂಡು ಹೋಗು, ಟೀ ಆರಿ ಹೋಗುತ್ತೆ."

"ಆರ್ಲಿ ಬಿಡಮ್ಮ," ಎಂದು ಅವನು ಟ್ರೇಯನ್ನು ಕೆಳಗಿಟ್ಟ. "ಆಮೇಲೆ ಇನ್ನೊಂದ್ಸಲ ಕಾಯಿಸಿದ್ರಾಯ್ತು."